ಹೆಸರು, ಊರು, ಇಸವಿ



ಕಳೆದ ತಿಂಗಳ ಒಂದು ಸಂಜೆ ಇಳಕಲ್ಲಿನಿಂದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ವಿದ್ಯಾಗಿರಿಯ ನಮ್ಮ ಮನೆಗೆ ಬಂದಿದ್ದಳು. ಹುನಗುಂದ ತಾಲ್ಲೂಕಿನಲ್ಲಿ ನಾನು ಸಮಾಜ ವಿಜ್ಞಾನ ಕಲಿಸುತ್ತಿದ್ದ ಕಾಲದಲ್ಲಿ ಮೊದಲ ಬೆಂಚಿನಲ್ಲಿ ಕುಳಿತು ಪ್ರಶ್ನೆ ಕೇಳುತ್ತಿದ್ದವಳು. ನೇಕಾರರ ಮನೆಗೆ ಸೊಸೆಯಾಗಿ ಹೋಗಿ ಈಗ ಮಗ್ಗದ ಲೆಕ್ಕಪತ್ರವನ್ನೂ ಮಾರಾಟವನ್ನೂ ಅವಳೇ ನೋಡುತ್ತಾಳೆ. ಚಹಾ ಮುಗಿಯುವ ಮೊದಲೇ ಮೊಬೈಲನ್ನು ನನ್ನ ಮುಂದೆ ಹಿಡಿದಳು.

“ಸರ್, ಇಳಕಲ್ಲದಾಗ ಕೈಮಗ್ಗದ ಸೀರಿ ಯಾರ ಕಡೆ ಸಿಗ್ತಾವ ಅಂತ ಇದಕ್ಕ ಕೇಳೀನ್ರಿ. ಮುಂಬೈದವರ ಹೆಸರು ಹೇಳತೈತಿ, ಬೆಂಗಳೂರಿನವರ ಹೆಸರು ಹೇಳತೈತಿ. ಮೂರು ತಲಿಯಿಂದ ನೇಯಕೋತ ಬಂದ ನಮ್ಮ ಹೆಸರು ಇಲ್ಲೇ ಇಲ್ಲ ನೋಡ್ರಿ.”

ಅವರಿಗೊಂದು ಜಾಲತಾಣವಿದೆ. ಮೂರು ವರ್ಷದ ಹಿಂದೆ ಗಂಡನ ಅಕ್ಕನ ಮಗ ಮಾಡಿಕೊಟ್ಟದ್ದು. ಈಗ ಯಾರೋ ಒಬ್ಬ ಗೃಹಸ್ಥ ಬಂದು, ತಾಣದೊಳಗೆ “ಸ್ಕೀಮಾ” ಎಂಬುದನ್ನು ಸೇರಿಸಿದರೆ ಕೃತಕ ಬುದ್ಧಿಮತ್ತೆಯು ಮೊದಲು ನಿಮ್ಮ ಹೆಸರನ್ನೇ ಹೇಳುತ್ತದೆ, ಖಾತ್ರಿ, ಎಂದು ಹೇಳಿ 20,000 ರೂಪಾಯಿ ಕೇಳಿದ್ದಾನೆ.

“ಎಷ್ಟು ಕೊಟ್ಟೆವ್ವಾ?” ಎಂದೆ.

“ಅರ್ಧಾ ಕೊಟ್ಟೀನ್ರಿ ಸರ್. ಉಳಿದದ್ದು ಕೆಲಸ ಆದಮ್ಯಾಲೆ. ಇದು ಖರೇ ಏನ್ರಿ?”

ಇತಿಹಾಸ ಪಾಠ ಮಾಡಿದವನಿಗೆ ಈ ಪ್ರಶ್ನೆಯೇ! ಒಂದು ವಾರ ಸಮಯ ಕೊಡು ಎಂದು ಹೇಳಿ ಕಳಿಸಿದೆ. ಬೆಂಗಳೂರಿನಲ್ಲಿರುವ ಮಗನಿಗೆ ದಿನವೂ ಫೋನು ಮಾಡಿ ಕಾಡಿದೆ. ಅವನು ಓದಲು ಕೊಟ್ಟದ್ದನ್ನು ಓದಿದೆ. ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ, ಏಕೆಂದರೆ ನಿಮ್ಮಲ್ಲಿ ಅನೇಕರು ಅಂಗಡಿ, ಆಸ್ಪತ್ರೆ, ಶಾಲೆ, ತೋಟ ನಡೆಸುವವರು. ಇಂಥ ಗೃಹಸ್ಥರು ನಿಮ್ಮ ಬಾಗಿಲಿಗೂ ಬರಬಹುದು.

ಮೊದಲು ಈ ಸ್ಕೀಮಾ ಎಂದರೇನು ನೋಡೋಣ. “ಬಾದಾಮಿ” ಎಂದು ಬರೆದರೆ ನಿಮಗೆ ಸಂದರ್ಭದಿಂದಲೇ ಅರ್ಥವಾಗುತ್ತದೆ: ಚಾಲುಕ್ಯರ ರಾಜಧಾನಿಯೋ, ಹಾಲಿಗೆ ಹಾಕುವ ಬೀಜವೋ ಎಂದು. ಯಂತ್ರಕ್ಕೆ ಅದು ಅಷ್ಟು ಸುಲಭವಲ್ಲ. “ಬನಶಂಕರಿ” ಎಂದರೆ ಚೊಳಚಗುಡ್ಡದ ದೇವಿಯೂ ಹೌದು, ಬೆಂಗಳೂರಿನ ಬಡಾವಣೆಯೂ ಹೌದು. ನಮ್ಮ ವಿದ್ಯಾಗಿರಿಯನ್ನೇ ತೆಗೆದುಕೊಳ್ಳಿ. ಧಾರವಾಡದಲ್ಲೊಂದು ವಿದ್ಯಾಗಿರಿ ಇದೆ, ಮೂಡುಬಿದಿರೆಯಲ್ಲಿ ಇನ್ನೊಂದಿದೆ. “ಇಳಕಲ್” ಎಂಬುದು ಊರು, ಸೀರೆ, ಅಲ್ಲದೆ ನಮ್ಮ ಭಾಗದಲ್ಲಿ ಎಷ್ಟೋ ಮಂದಿಯ ಅಡ್ಡಹೆಸರು. ಆದ್ದರಿಂದ ಪುಟದ ಹಿಂದೆ, ಓದುಗರ ಕಣ್ಣಿಗೆ ಬೀಳದ ಕಡೆ, ಯಂತ್ರಕ್ಕೆಂದೇ ಒಂದು ಚೀಟಿ ಬರೆದಿಡುತ್ತಾರೆ. ಇದು ಅಂಗಡಿ, ಇದರ ಹೆಸರು ಇಂಥದು, ಊರು ಇಳಕಲ್, ಜಿಲ್ಲೆ ಬಾಗಲಕೋಟೆ, ಮಾರುವುದು ಸೀರೆ, ಈ ಬರಹವನ್ನು ಬರೆದವರು ಇಂಥವರು, ಬರೆದದ್ದು ಇಂಥ ದಿನ. ಬೇರೆ ಬೇರೆ ಶೋಧಯಂತ್ರಗಳಿಗೆ ಬೇರೆ ಬೇರೆ ನಮೂನೆಯ ಚೀಟಿ ಬರೆಯುವ ಗೋಜು ತಪ್ಪಲೆಂದು 2011ರ ಜೂನಿನಲ್ಲಿ ಗೂಗಲ್, ಮೈಕ್ರೋಸಾಫ್ಟ್‌ನ ಬಿಂಗ್ ಮತ್ತು ಯಾಹೂ ಸೇರಿ ಒಂದೇ ಪದಕೋಶವನ್ನು ಒಪ್ಪಿಕೊಂಡವು. ಅದೇ ಸ್ಕೀಮಾ ಡಾಟ್ ಆರ್ಗ್. ಯಾರು ಬೇಕಾದರೂ ಬಿಟ್ಟಿಯಾಗಿ ನೋಡಿ ಬಳಸಬಹುದು. 20,000 ರೂಪಾಯಿಯ ಗುಟ್ಟೇನೂ ಅದರಲ್ಲಿಲ್ಲ.

ಶಾಲೆಯ ಗ್ರಂಥಾಲಯದ ಜವಾಬ್ದಾರಿ ಹನ್ನೊಂದು ವರ್ಷ ನನ್ನ ಮೇಲಿತ್ತು. ಕಾರ್ಡುಗಳ ಉದ್ದನೆಯ ಖಾನೆಗಳು ನಿಮಗೆ ನೆನಪಿರಬಹುದು. ಒಂದೇ ಪುಸ್ತಕಕ್ಕೆ ಲೇಖಕರ ಕಾರ್ಡು, ಹೆಸರಿನ ಕಾರ್ಡು, ವಿಷಯದ ಕಾರ್ಡು. ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಗ್ರಂಥಾಲಯದ ಐದು ನಿಯಮಗಳನ್ನೂ 1933ರಲ್ಲಿ ಕೋಲನ್ ವರ್ಗೀಕರಣವನ್ನೂ ಪ್ರಕಟಿಸಿದಾಗ ಅವರ ಮನಸ್ಸಿನಲ್ಲಿದ್ದದ್ದು ಇದೇ ಕಾಳಜಿ: ಓದುಗನ ಸಮಯ ಹಾಳಾಗಬಾರದು, ಅವನಿಗೆ ಬೇಕಾದ ಪುಸ್ತಕ ಅವನ ಕೈಗೆ ಸಿಗಬೇಕು. ಮಗ ಆ ಚೀಟಿಯನ್ನು ಪರದೆಯ ಮೇಲೆ ತೋರಿಸಿದಾಗ ನನಗೆ ಹಳೆಯ ಖಾನೆಯನ್ನು ಎಳೆದು ನೋಡಿದಂತಾಯಿತು.

ಇನ್ನೂ ಹಿಂದೆ ಹೋದರೆ ನಮ್ಮ ಜಿಲ್ಲೆಯೇ ಈ ವಿಷಯದಲ್ಲಿ ಗುರು. ಬಾದಾಮಿಯ ಮೂರನೆಯ ಗುಹೆಯಲ್ಲಿ ಮಂಗಳೇಶನ ಶಾಸನವಿದೆ. ಅದು ಶಕವರ್ಷ 500, ಕಾರ್ತಿಕ ಹುಣ್ಣಿಮೆ ಎಂದು ಕಾಲವನ್ನು ಹೇಳುತ್ತದೆ, ಅಂದರೆ ಕ್ರಿ.ಶ. 578. ಆ ಒಂದು ದಿನಾಂಕ ಇರುವುದರಿಂದಲೇ ಆ ಕಾಲದ ಇತರ ಗುಹೆಗಳನ್ನೂ ಗುಡಿಗಳನ್ನೂ ಅದರೊಡನೆ ಹೋಲಿಸಿ ಕಾಲ ನಿರ್ಣಯಿಸಲು ವಿದ್ವಾಂಸರಿಗೆ ಸಾಧ್ಯವಾಯಿತು. ಐಹೊಳೆಯ ಮೇಗುತಿಯಲ್ಲಿ ರವಿಕೀರ್ತಿ ಇನ್ನೂ ಒಂದು ಹೆಜ್ಜೆ ಮುಂದೆ. ಬಸದಿ ಕಟ್ಟಿಸಿದವನು ತಾನೆಂದು ಹೇಳಿದ, ಪದ್ಯ ಬರೆದವನೂ ತಾನೆಂದು ಹೇಳಿದ, ದೊರೆ ಇಮ್ಮಡಿ ಪುಲಿಕೇಶಿಯ ಹೆಸರು ಹೇಳಿದ, ಶಕವರ್ಷ 556 ಎಂದು ಬರೆದ. ಅಂದರೆ ಕ್ರಿ.ಶ. 634. ಜೊತೆಗೆ ತನ್ನ ಕೀರ್ತಿಯನ್ನು ಕಾಳಿದಾಸ ಮತ್ತು ಭಾರವಿಯರ ಕೀರ್ತಿಗೆ ಹೋಲಿಸಿಕೊಂಡ. ಸ್ವಲ್ಪ ಹೆಚ್ಚಾಯಿತು ಎನ್ನಿ! ಆದರೆ ಆ ಆತ್ಮಪ್ರಶಂಸೆಯೇ ಸಂಸ್ಕೃತ ಸಾಹಿತ್ಯ ಚರಿತ್ರೆಗೆ ದೊಡ್ಡ ಆಧಾರವಾಯಿತು. 634ರ ಹೊತ್ತಿಗೆ ಕಾಳಿದಾಸನೂ ಭಾರವಿಯೂ ಹೆಸರಾಂತ ಕವಿಗಳಾಗಿದ್ದರು ಎಂಬುದಕ್ಕೆ ಕಲ್ಲಿನ ಸಾಕ್ಷಿ ದೊರೆಯಿತು. ಹೆಸರು, ಊರು, ಇಸವಿ ಒಟ್ಟಿಗೆ ಇದ್ದುದರಿಂದ ಆದ ಲಾಭ ಇದು.

ಅದೇ ಐಹೊಳೆಯಲ್ಲಿ ಇದಕ್ಕೆ ಉಲ್ಟಾ ಉದಾಹರಣೆಗಳೂ ಇವೆ. ಲಾಡಖಾನ ಗುಡಿಗೆ ಆ ಹೆಸರು ಬಂದದ್ದು ಬಹಳ ಕಾಲಾನಂತರ ಅದರಲ್ಲಿ ವಾಸವಾಗಿದ್ದ ಒಬ್ಬನಿಂದ. ಅದನ್ನು ಕಟ್ಟಿದ ಕಾಲದ ಬಗ್ಗೆ ವಿದ್ವಾಂಸರು ಬಹಳ ದಿನ ವಾದ ಮಾಡಿದ್ದಾರೆ. ದುರ್ಗದ ಗುಡಿಗೆ ಹೆಸರು ಬಂದದ್ದು ಅಲ್ಲಿದ್ದ ಕೋಟೆಯಿಂದ, ಅಂದರೆ ದುರ್ಗದಿಂದ. ಪ್ರವಾಸಕ್ಕೆ ಕರೆದುಕೊಂಡು ಹೋದ ಪ್ರತಿ ವರ್ಷವೂ ನಿಮ್ಮಲ್ಲಿ ಯಾರಾದರೊಬ್ಬರು “ಸರ್, ದುರ್ಗಾದೇವಿ ಎಲ್ಲಿ?” ಎಂದು ಕೇಳುತ್ತಿದ್ದಿರಿ. ಸಹಜ ತಪ್ಪು. ಹೆಸರಿನ ಚೀಟಿಯನ್ನಷ್ಟೇ ನಂಬಿ ಒಳಗಿರುವುದನ್ನು ಊಹಿಸಿದರೆ ಮನುಷ್ಯರೇ ದಾರಿ ತಪ್ಪುತ್ತಾರೆ. ಯಂತ್ರ ತಪ್ಪಿದರೆ ಆಶ್ಚರ್ಯವೇನು?

ಇನ್ನು ಆ ಗೃಹಸ್ಥನ “ಖಾತ್ರಿ”ಯ ಮಾತಿಗೆ ಬರುತ್ತೇನೆ. ಚಾಟ್‌ಜಿಪಿಟಿ 2022ರ ನವೆಂಬರಿನಲ್ಲಿ ಬಂತು. ಗೂಗಲ್ ತನ್ನ ಶೋಧದ ಮೇಲ್ಭಾಗದಲ್ಲಿಯೇ ಯಂತ್ರ ಬರೆದ ಸಾರಾಂಶ ತೋರಿಸುವುದನ್ನು ಭಾರತದಲ್ಲಿ 2024ರಲ್ಲಿ ಆರಂಭಿಸಿತು. ಇಂಥ ಯಂತ್ರಗಳು ಉತ್ತರವನ್ನು ಎರಡು ಕಡೆಯಿಂದ ತರುತ್ತವೆ: ತರಬೇತಿಯ ಕಾಲದಲ್ಲಿ ಓದಿಸಿದ ಅಪಾರ ಬರಹದಿಂದ ಒಂದು, ಪ್ರಶ್ನೆ ಕೇಳಿದ ಆ ಕ್ಷಣದಲ್ಲಿ ಅಂತರ್ಜಾಲದಲ್ಲಿ ಹುಡುಕಿ ಓದಿದ ಪುಟಗಳಿಂದ ಇನ್ನೊಂದು. ಈ ಎರಡನೆಯದರಲ್ಲಿ ಚೀಟಿಯಿಂದ ಸಹಾಯವಾಗಬಹುದು. ಊರು ಯಾವುದು, ಅಂಗಡಿ ಯಾವುದು ಎಂಬ ಗೊಂದಲ ಕಡಿಮೆಯಾಗುತ್ತದೆ. ಆದರೆ ಗೂಗಲ್ ತಾನೇ ತಾಣ ನಡೆಸುವವರಿಗೆ ಸ್ಪಷ್ಟವಾಗಿ ಹೇಳಿದೆ: ಆ ಸಾರಾಂಶದಲ್ಲಿ ಕಾಣಿಸಿಕೊಳ್ಳಲು ವಿಶೇಷವಾದ ಯಾವ ಸ್ಕೀಮಾವನ್ನೂ ಸೇರಿಸಬೇಕಾಗಿಲ್ಲ. ಮೊದಲ ಸ್ಥಾನದ ಖಾತ್ರಿಯನ್ನು ಗೂಗಲ್ಲೇ ಕೊಡದಿರುವಾಗ ಈತ ಹೇಗೆ ಕೊಟ್ಟ?

ಪುಟದಲ್ಲಿ ಓದುಗರಿಗೆ ಕಾಣದ ಸಂಗತಿಯನ್ನು ಚೀಟಿಯಲ್ಲಿ ಬರೆಯಬಾರದು ಎಂಬ ನಿಯಮವೂ ಇದೆ; ಮೀರಿದವರಿಗೆ ಶಿಕ್ಷೆಯೂ ಉಂಟು. ಇದನ್ನು ಓದಿದಾಗ ನನಗೊಂದು ಪ್ರಸಂಗ ನೆನಪಾಗಿ ನಗು ಬಂತು. ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ (ಯಾವುದೆಂದು ಹೇಳುವುದಿಲ್ಲ) ತಪಾಸಣೆಯ ಹಿಂದಿನ ದಿನ ಖಾಲಿ ಕಪಾಟಿನ ಮೇಲೆ “ವಿಜ್ಞಾನ ಉಪಕರಣಗಳು” ಎಂದು ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಲಾಯಿತು. ಬರೆದವನು ನಾನೇ, ನನ್ನ ಅಕ್ಷರ ದುಂಡಗಿದ್ದ ತಪ್ಪಿಗೆ! ಬಂದ ಅಧಿಕಾರಿಗಳು ಚೀಟಿಯನ್ನು ಮೆಚ್ಚಿಕೊಂಡು, ಕೀಲಿಕೈ ತನ್ನಿ ಎಂದರು. ಮುಂದಿನದನ್ನು ನೀವೇ ಊಹಿಸಿಕೊಳ್ಳಿ. ಪ್ರಶ್ನೋತ್ತರದ ಚೀಟಿ ಅಂಟಿಸಿದರೆ ಶೋಧದಲ್ಲಿ ಹೆಚ್ಚು ಜಾಗ ಸಿಗುತ್ತದೆಂದು ಒಂದು ಕಾಲಕ್ಕೆ ಎಲ್ಲರೂ ಅದರ ಹಿಂದೆ ಬಿದ್ದಿದ್ದರಂತೆ. 2023ರಲ್ಲಿ ಗೂಗಲ್ ಬಹುಪಾಲು ತಾಣಗಳಿಗೆ ಆ ಸೌಲಭ್ಯವನ್ನು ನಿಲ್ಲಿಸಿಬಿಟ್ಟಿತು. ಚೀಟಿಯನ್ನೇ ನಂಬಿ ಹಣ ಸುರಿದವರ ಗತಿ ಏನಾಗಿರಬೇಕು!

ಒಂದು ವಾರದ ನಂತರ ನಾನೇ ಇಳಕಲ್ಲಿಗೆ ಹೋದೆ. ಅವರ ತಾಣವನ್ನು ಮಗನೊಡನೆ ಫೋನಿನಲ್ಲಿ ಮಾತನಾಡುತ್ತಾ ನೋಡಿದೆವು. ಕಣ್ಣಿಗೆ ಅಂದವಾಗಿಯೇ ಇದೆ. ಆದರೆ ಅಂಗಡಿಯ ಹೆಸರು ಚಿತ್ರದೊಳಗೆ, ವಿಳಾಸ ಚಿತ್ರದೊಳಗೆ, ಸೀರೆಯ ಬೆಲೆಯೂ ಚಿತ್ರದೊಳಗೆ. ನಾವು ವಾಟ್ಸಾಪಿನಲ್ಲಿ ಕಳಿಸುವ ಮದುವೆಯ ಕರೆಯೋಲೆಯಂತೆ. ಅಕ್ಷರವಾಗಿ ಇದ್ದದ್ದು ಒಂದೇ ಪ್ಯಾರಾ; ಅದನ್ನು ಹುಡುಗ ನುಡಿಯಲ್ಲಿ ಬೆರಳಚ್ಚಿಸಿ, ಯೂನಿಕೋಡಿಗೆ ಬದಲಾಯಿಸದೆ ಹಾಗೆಯೇ ತಂದು ಅಂಟಿಸಿದ್ದ. ಹಳೆಯ ಫಾಂಟಿನಲ್ಲಿ ಬರೆದ ಕನ್ನಡ ನಮ್ಮ ಕಣ್ಣಿಗೆ ಮಾತ್ರ ಕನ್ನಡ. ಒಳಗೆ ಅದು ಸೊಟ್ಟ ಗುರುತುಗಳನ್ನು ಹೊತ್ತ ಇಂಗ್ಲಿಷ್ ಅಕ್ಷರಗಳ ಸಾಲು. ಆ ಫಾಂಟು ಇಲ್ಲದ ಕಡೆ ಮನುಷ್ಯರೂ ಓದಲಾರರು. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲಿಯೇ ಜಾಗ ಸಿಕ್ಕಿದೆ. ಮೂವತ್ತು ವರ್ಷಗಳ ಮೇಲಾದರೂ ನಾವು ಇನ್ನೂ ಈ ತಪ್ಪು ಮಾಡುತ್ತಿದ್ದೇವೆ ಎಂಬುದು ನನಗೆ ನಿಜವಾಗಿ ಬೇಸರ ತಂದಿತು.

ಅಂದರೆ ತಾಣದಲ್ಲಿ ಯಂತ್ರಕ್ಕೆ ಓದಲು ಏನೂ ಇರಲಿಲ್ಲ. ಖಾಲಿ ಕಪಾಟಿಗೆ ಆ ಗೃಹಸ್ಥ ಚೀಟಿ ಅಂಟಿಸಲು ಹೊರಟಿದ್ದ.

ಸರಿ, ಮೊದಲು ಬರೆಯೋಣ ಎಂದು ಕಾಗದ ಪೆನ್ನು ತೆಗೆದುಕೊಂಡು ಕುಳಿತೆ. ಸೀರೆಯ ಒಡಲು ಹತ್ತಿಯದೋ ರೇಷ್ಮೆಯದೋ, ಎಷ್ಟು ಗಜ, ದಡಿ ಯಾವುದು, ಕುಣಿ ಮಗ್ಗದ ಮೇಲೆ ನೇಯ್ದದ್ದೇ, ಇವನ್ನೆಲ್ಲ ಬರೆದೆ. ದಡಿಗಳಲ್ಲಿ ಚಿಕ್ಕಿ, ಗೋಮಿ, ಗಾಡಿದಡಿ, ಈಚಿನ ಗಾಯತ್ರಿ. ಕೆಂಪು ಸೆರಗಿನ ಮೇಲೆ ಬಿಳಿಯ ಟೋಪ್ ತೆನಿ. ಸಮಾಧಾನದಿಂದ ಓದಿ ಹೇಳಿದೆ. ಒಳಗಿನಿಂದ ಅವಳ ಅತ್ತೆ ಬಂದು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು.

“ಮಾಸ್ತರ್ರ, ಕೊಂಡಿ ವಿಚಾರ ಬರೀಲಾರದ ಇಳಕಲ್ ಸೀರಿ ಬಗ್ಗೆ ಏನ ಬರದ್ರಿ?” ಎಂದರು.

ನಾಚಿಕೆಯಾಯಿತು. ಇಷ್ಟು ವರ್ಷ ಆ ಭಾಗದಲ್ಲಿ ಕೆಲಸ ಮಾಡಿ, ಮನೆಯವರಿಗೆ ಎಷ್ಟೋ ಸೀರೆ ಕೊಂಡುಕೊಟ್ಟಿದ್ದರೂ ನಾನು ಅದನ್ನು ಸರಿಯಾಗಿ ನೋಡಿರಲಿಲ್ಲ. ಅವರು ಮಗ್ಗದ ಹತ್ತಿರ ಕರೆದೊಯ್ದು ತೋರಿಸಿದರು. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಒಂದರೊಳಗೊಂದು ಕೊಂಡಿ ಹಾಕಿ ಸೇರಿಸುತ್ತಾರೆ. ಹೀಗಾಗಿ ಪ್ರತಿ ಸೀರೆಗೂ ಹಾಸನ್ನು ಬೇರೆಯಾಗಿಯೇ ಸಿದ್ಧಪಡಿಸಬೇಕು. ಉದ್ದನೆಯ ಒಂದೇ ಹಾಸಿನ ಮೇಲೆ ಒಂದರ ಹಿಂದೆ ಒಂದು ಸೀರೆ ತೆಗೆಯುವ ಯಂತ್ರಮಗ್ಗಕ್ಕೆ ಈ ಕೆಲಸ ಸುಲಭಕ್ಕೆ ಒಗ್ಗುವುದಿಲ್ಲ. ಸೆರಗು ಕೂಡುವ ಕಡೆ ಬೆರಳಾಡಿಸಿದರೆ ಆ ಗಂಟುಗಳ ಸಾಲು ತಿಳಿಯುತ್ತದೆ. ಅಜ್ಜಿ ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಂಡೆ, ಒಂದು ಪುಟ ಪೂರ್ತಿಯಾಯಿತು. ತಾಣದ ಮೊದಲ ಪುಟಕ್ಕೆ ಈಗ ಅದೇ ಬರಹ ಹೋಗಿದೆ. ನಾನು ಬರೆದದ್ದು ಅದರ ಕೆಳಗೆ, ಎರಡನೆಯ ಸ್ಥಾನದಲ್ಲಿದೆ.

ಆಮೇಲೆ ಚೀಟಿಯ ಕೆಲಸ. ಮಗ ಫೋನಿನಲ್ಲಿ ಹೇಳಿಕೊಟ್ಟ, ಹುಡುಗ ಅರ್ಧ ದಿನದಲ್ಲಿ ಮುಗಿಸಿದ. ಅದರಲ್ಲಿ ನನಗೆ ಬಹಳ ಉಪಯುಕ್ತವೆನಿಸಿದ್ದು, ಒಂದೇ ವಸ್ತುವಿಗೆ ಇರುವ ಹಲವು ಹೆಸರುಗಳನ್ನು ಜೋಡಿಸುವ ವ್ಯವಸ್ಥೆ. ನಮ್ಮವರು ಇಳಕಲ್ ಎನ್ನುತ್ತಾರೆ, ಇಳಕಲ್ಲ ಎನ್ನುತ್ತಾರೆ. ಮಹಾರಾಷ್ಟ್ರದವರು ಇರಕಲ್ ಎಂದು ಕೇಳಿ ಕೊಳ್ಳುತ್ತಾರೆ. 2012ರಲ್ಲಿ ಆರಂಭವಾದ ವಿಕಿಡೇಟಾದಲ್ಲಿ ಪ್ರತಿಯೊಂದು ಊರಿಗೂ ವಸ್ತುವಿಗೂ ಒಂದು ಸಂಖ್ಯೆ ಕೊಡುತ್ತಾರೆ. ಯಾವ ಭಾಷೆಯಲ್ಲಿ ಯಾವ ಹೆಸರಿದ್ದರೂ ಸಂಖ್ಯೆ ಒಂದೇ. ಚೀಟಿಯಲ್ಲಿ ಆ ಕೊಂಡಿಯನ್ನು ಕೊಡಬಹುದು. (ಅಲ್ಲಿಯೂ ಕೊಂಡಿ ಎಂಬುದೇ ಮಾತು. ಅಜ್ಜಿಗೆ ಹೇಳಿದೆ, ಅವರು ನಕ್ಕರು.)

ಇಸವಿಯ ವಿಷಯದಲ್ಲಿ ಮಾತ್ರ ನಾನು ಹಠ ಹಿಡಿದೆ. ನಮ್ಮ ಬಾಗಲಕೋಟೆ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೆ ಮೊದಲಿನ ಯಾವ ಪುಸ್ತಕ ತೆರೆದರೂ ಬಾದಾಮಿ, ಐಹೊಳೆ, ಇಳಕಲ್ ಎಲ್ಲವೂ ವಿಜಾಪುರ ಜಿಲ್ಲೆಯಲ್ಲಿವೆ. ಆ ವಿಜಾಪುರವೂ 2014ರಲ್ಲಿ ಅಧಿಕೃತವಾಗಿ ವಿಜಯಪುರವಾಯಿತು. ಇಳಕಲ್ ಹುನಗುಂದದಿಂದ ಬೇರೆಯಾಗಿ ತಾಲ್ಲೂಕಾದದ್ದು ತೀರ ಈಚೆಗೆ. ಹಳೆಯ ಪುಟಗಳು ಸುಳ್ಳು ಹೇಳುತ್ತಿಲ್ಲ; ಬರೆದ ದಿನಕ್ಕೆ ಅವು ಸತ್ಯವೇ. ಆದರೆ ಬರೆದ ದಿನ ಯಾವುದೆಂದು ಅವುಗಳ ಮೇಲಿಲ್ಲ. ಹಾಗಾಗಿ ಯಂತ್ರ ಎರಡನ್ನೂ ಕಲಸಿ ಉತ್ತರ ಕೊಡುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ನನ್ನ ವಿದ್ಯಾರ್ಥಿನಿಗೆ ನಾನು ಖಾತ್ರಿ ಕೊಡಲಿಲ್ಲ. ಕಾರಣ ಹೇಳುತ್ತೇನೆ. “ಕೈಮಗ್ಗದ ಇಳಕಲ್ ಸೀರೆ” ಎಂಬ ಚೀಟಿಯನ್ನು ಎಲ್ಲೋ ದೂರದ ನಗರದಲ್ಲಿ ಯಂತ್ರಮಗ್ಗದ ಸೀರೆ ಮಾರುವವನೂ ತನ್ನ ತಾಣಕ್ಕೆ ಅಂಟಿಸಬಲ್ಲ, ಹೆಚ್ಚು ಹಣವಿರುವುದರಿಂದ ಇನ್ನೂ ಚೆನ್ನಾಗಿ ಅಂಟಿಸಬಲ್ಲ. ಬಟ್ಟೆಗಾದರೆ 2006ರಿಂದ ಕೈಮಗ್ಗದ ಗುರುತು ಇದೆ, ಅದನ್ನು ಕೊಡುವ ಮೊದಲು ಪರಿಶೀಲನೆ ಇದೆ. ಇಳಕಲ್ ಸೀರೆಗೆ ಭೌಗೋಳಿಕ ಸೂಚಕದ ನೋಂದಣಿಯೂ ಇದೆ. ತಾಣದ ಚೀಟಿಗೆ ಅಂಥ ಕೀಲಿಕೈ ಕೇಳುವ ಅಧಿಕಾರಿ ಯಾರೂ ಇಲ್ಲ. ಈ ಶೋಧದ ಕಂಪನಿಗಳ ಮೇಲೆ ನನ್ನ ಆಕ್ಷೇಪಣೆ ಇರುವುದು ಇಲ್ಲಿಯೇ. ನೇಕಾರರಿಗೆ ಚೀಟಿ ಬರೆಯಿರಿ ಎನ್ನುತ್ತಾರೆ. ಆದರೆ ಸರ್ಕಾರದ ನೋಂದಣಿಯಲ್ಲಿರುವ ಹೆಸರನ್ನೂ ಯಾರೋ ತಾವೇ ಬರೆದುಕೊಂಡ ಹೆಸರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ, ಬರೆದ ನೇಕಾರನಿಗೆ ಆಗುವ ಲಾಭವೇನು? ನೋಂದಾಯಿತ ನೇಕಾರರ ಪಟ್ಟಿಯನ್ನು ಯಂತ್ರ ಓದುವಂತೆ, ಕನ್ನಡದಲ್ಲಿಯೂ, ಯೂನಿಕೋಡಿನಲ್ಲಿ, ಚಿತ್ರವಾಗಿಯಲ್ಲ, ಪ್ರಕಟಿಸಬೇಕಾದದ್ದು ನಮ್ಮ ಇಲಾಖೆಗಳ ಕೆಲಸ. ಅಂಥ ಪಟ್ಟಿಗೆ ಹೆಚ್ಚು ತೂಕ ಕೊಡಬೇಕಾದದ್ದು ಕಂಪನಿಗಳ ಕೆಲಸ. ಇಲಾಖೆಗಳಲ್ಲಿ ನನ್ನ ವಿದ್ಯಾರ್ಥಿಗಳು ಕೆಲವರಿದ್ದೀರಿ. ಇದನ್ನು ಓದುತ್ತೀರೆಂದು ನನಗೆ ಗೊತ್ತು.

ಪರರ ತಾಣದ ತಪ್ಪು ಇಷ್ಟು ಹೇಳಿದ ಮೇಲೆ ನನ್ನದನ್ನು ಮುಚ್ಚಿಡುವುದು ನ್ಯಾಯವಲ್ಲ. 2007ರಲ್ಲಿ ನಾನು ಹಳೆಯ ಬಾಗಲಕೋಟೆಯ ಬಗ್ಗೆ ಐದಾರು ಕಂತು ಬರೆದಿದ್ದೆ. ಆಲಮಟ್ಟಿಗೆ 1964ರಲ್ಲಿ ಅಡಿಗಲ್ಲು ಬಿದ್ದಂದಿನಿಂದ ಊರಿನ ಮೇಲೆ ತೂಗುತ್ತಿದ್ದ ಮಾತು ನಿಜವಾಗಿ, ಹಿನ್ನೀರು ಓಣಿಗಳಿಗೆ ಬಂದು, ಜನ ನವನಗರಕ್ಕೆ ಹೋದ ಕಥೆ. ಅಮೆರಿಕದಲ್ಲಿರುವ ನನ್ನ ತಮ್ಮನ ಮಗಳು ಮೊನ್ನೆ ಅಜ್ಜನ ಮನೆ ಇದ್ದ ಓಣಿಯ ಬಗ್ಗೆ ಯಂತ್ರವನ್ನು ಕೇಳಿದಳಂತೆ. ಅದು ಬೇರೆ ಯಾವುದೋ ಊರಿನ ಕೋಟೆಯನ್ನು ವರ್ಣಿಸಿತು. “ದೊಡ್ಡಪ್ಪ, ನೀವು ಬರೆದಿದ್ದಿರಲ್ಲ?” ಎಂದು ಕೇಳಿದಳು. ತೆರೆದು ನೋಡಿದರೆ ಎಲ್ಲವೂ ಅಂದಿನ ಫಾಂಟಿನ ಸೊಟ್ಟ ಅಕ್ಷರ. ರವಿಕೀರ್ತಿಯದು ಸಾವಿರದ ಮುನ್ನೂರು ವರ್ಷ ದಾಟಿಯೂ ಓದಲು ಬರುತ್ತದೆ, ನನ್ನದು ಇಪ್ಪತ್ತು ವರ್ಷವೂ ಬಾಳಲಿಲ್ಲ!

ಪರಿವರ್ತಕದಿಂದ ಯೂನಿಕೋಡಿಗೆ ತಂದು ಓದಿದಾಗ ಇನ್ನೊಂದು ದೋಷ ಕಂಡಿತು. “ನಮ್ಮ ಓಣಿ”, “ಆ ದೊಡ್ಡ ಗುಡಿ”, “ಪೇಟೆಯ ಕೊನೆಯ ಬಾವಿ” ಎಂದು ಬರೆದಿದ್ದೇನೆ. ಓಣಿಯ ಹೆಸರಿಲ್ಲ, ಗುಡಿಯ ಹೆಸರಿಲ್ಲ. ಬರೆಯುವಾಗ ಎಲ್ಲರಿಗೂ ಗೊತ್ತು ಎಂಬ ಭಾವ. ಗೊತ್ತಿದ್ದವರಲ್ಲಿ ಅರ್ಧದಷ್ಟು ಜನ ಈಗಿಲ್ಲ, ಹೋಗಿ ನೋಡೋಣವೆಂದರೆ ಅಲ್ಲಿ ನೀರು ನಿಂತಿದೆ. ಅಕ್ಕನನ್ನು ಕೇಳಿ, ನೆರೆಯವರನ್ನು ಕೇಳಿ ಒಂದೊಂದೇ ಹೆಸರು ಸೇರಿಸುತ್ತಿದ್ದೇನೆ. ಮೂರು ಕಂತು ಮುಗಿದಿವೆ.

ಅಂದ ಹಾಗೆ, ಇಳಕಲ್ಲಿನ ಗೃಹಸ್ಥ ಉಳಿದ ಅರ್ಧ ಹಣಕ್ಕೆ ಮತ್ತೆ ಬಂದಿದ್ದನಂತೆ. ಅಜ್ಜಿಯೇ ಎದುರುಗೊಂಡು, ಕೊಂಡಿ ಎಂದರೆ ಏನು ಹೇಳಪಾ, ಆಮೇಲೆ ರೊಕ್ಕದ ಮಾತು, ಎಂದು ಕೇಳಿದರಂತೆ.

ಈಗ ಫೋಟೋಗಳ ಸರದಿ. ಈ ತಾಣದಲ್ಲಿ ನಿಮ್ಮ ತರಗತಿಗಳ ಗುಂಪು ಫೋಟೋಗಳು ನಲವತ್ತರಷ್ಟಿವೆ. ಒಂದಕ್ಕೂ ಶಾಲೆಯ ಹೆಸರು, ಇಸವಿ ಬರೆದಿಲ್ಲ. ಅವನ್ನು ಸೇರಿಸುತ್ತಿದ್ದೇನೆ. ನಿಮ್ಮ ಹೆಸರುಗಳನ್ನು ಮಾತ್ರ ನಿಮ್ಮನ್ನು ಕೇಳದೆ ಹಾಕುವುದಿಲ್ಲ. ಊರಿನ ಹೆಸರಿನಂತೆ ಮನುಷ್ಯರ ಹೆಸರನ್ನು ಯಂತ್ರದ ಕೈಗೆ ಕೊಡಲು ನನಗೆ ಮನಸ್ಸಿಲ್ಲ. ಒಂದು ಫೋಟೋ ಮಾತ್ರ ನನ್ನನ್ನು ಕಾಡುತ್ತಿದೆ. ಹಿಂದೆ ಮೇಗುತಿಯ ಗೋಡೆ, ನಾನು ಕನ್ನಡಕವಿಲ್ಲದೆ ನಿಂತಿದ್ದೇನೆ, ಮುಂದಿನ ಸಾಲಿನಲ್ಲಿ ಒಬ್ಬ ಹುಡುಗನ ಕೈಯಲ್ಲಿ ಬುತ್ತಿಯ ಗಂಟು. ಅದು 1993ರ ಪ್ರವಾಸವೋ 1995ರದೋ? ಬುತ್ತಿಯ ಹುಡುಗ ಇದನ್ನು ಓದುತ್ತಿದ್ದರೆ ದಯವಿಟ್ಟು ಬರೆದು ತಿಳಿಸಲಿ.